ಕೇರಿಯ ಶಿಲುಬೆ ಮತ್ತು ಹೊಸ ನೆರೆಯವರು
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ದೇವಾಲಯವನ್ನು ಕಟ್ಟಿದ ಹಿರಿಯರ ಸ್ಮರಣೆಯನ್ನು ನನಗಿಂತ ಮೊದಲು ಮಾತನಾಡಿದವರು ಸಮರ್ಥವಾಗಿ ಮಾಡಿದ್ದಾರೆ. ನಾನು ಮುಂಬಯಿಯ ಬಾಂದ್ರಾವನ್ನು ಕುರಿತು ಎರಡು ಮಾತು ಹೇಳಲು ಅಪ್ಪಣೆ ಬೇಡುತ್ತೇನೆ. ನಮ್ಮ ಕರಾವಳಿಯ ಅನೇಕ ಕುಟುಂಬಗಳು ಉದ್ಯೋಗವನ್ನರಸಿ ಹೋಗಿ ನೆಲೆಸಿರುವ ಊರು ಅದು.

ಅಲ್ಲಿನ ಹಳಬರಲ್ಲಿ ಮರಾಠಿ ಮಾತನಾಡುವ ಕಥೋಲಿಕರು ಮುಖ್ಯರು. ವಿಕ್ಟೋರಿಯಾ ರಾಣಿಯ ಸುವರ್ಣೋತ್ಸವದ ವರ್ಷವಾದ 1887ರಲ್ಲಿ ಅವರು ‘ಈಸ್ಟ್ ಇಂಡಿಯನ್’ ಎಂಬ ಹೆಸರನ್ನು ಸ್ವೀಕರಿಸಿದರು. ರಣವಾರ್ ಮೊದಲಾದ ಅವರ ಹಳ್ಳಿಗಳಿಗೆ ‘ಗಾಂವಠಾಣ’ ಎನ್ನುತ್ತಾರೆ. ನಮ್ಮ ಗ್ರಾಮಠಾಣವೇ ಅದು. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿದಾಗ ಜನರು ರಕ್ಷಣೆ ಕೋರಿ ಕೇರಿಕೇರಿಗಳಲ್ಲಿ ಶಿಲುಬೆಗಳನ್ನು ನೆಟ್ಟರು. ಇಂದಿಗೂ ಅವುಗಳ ಮುಂದೆ ಜಪಸರ ಪ್ರಾರ್ಥನೆ ನಡೆಯುತ್ತದೆ. ಕೊನೆಯಲ್ಲಿ ಬೇಯಿಸಿದ ಕಡಲೆ ಹಂಚುವುದು ಹಳೆಯ ವಾಡಿಕೆ.

ಆದರೆ ಆ ಹಳ್ಳಿಗಳು ಈಗ ಹಳ್ಳಿಗಳಾಗಿ ಉಳಿದಿಲ್ಲ. ನೆಲದ ಬೆಲೆ ಗಗನಕ್ಕೇರಿ, ಮರದ ಮೊಗಸಾಲೆಯ ಮನೆಗಳಿದ್ದೆಡೆ ಬಹುಮಹಡಿ ಕಟ್ಟಡಗಳೂ ಕಾಫಿ ಅಂಗಡಿಗಳೂ ಎದ್ದಿವೆ. ಗಿರ್ಗಾಂವಿನ ಖೋತಾಚಿವಾಡಿಯಲ್ಲಿ ಒಮ್ಮೆ 65ರಷ್ಟಿದ್ದ ಹಳೆಯ ಮನೆಗಳು ಇಂದು 30ಕ್ಕೂ ಕಡಿಮೆ. ಮಾರಿದವರು ಯಾರು? ಹಲವೆಡೆ ನಮ್ಮಂಥವರೇ. ಒಂದು ಮನೆಗೆ ಆರು ಮಂದಿ ವಾರಸುದಾರರು, ನಾಲ್ವರು ಪರದೇಶದಲ್ಲಿ, ಮಾರದೆ ಪಾಲಾಗದು. ಬಾಡಿಗೆಗಿದ್ದವನಿಗೆ ಆ ಪಾಲೂ ಇಲ್ಲ. ಹೊಸಬರನ್ನು ದೂರುವಾಗ ನಾವು ಇದನ್ನು ಮರೆಯುತ್ತೇವೆ.

ದೇವಾಲಯಕ್ಕೆ ಆವರಣದ ಗೋಡೆಯಿದೆ, ಹೊಸ ಕಟ್ಟಡಕ್ಕೆ ಕಾವಲುಗಾರನಿದ್ದಾನೆ. ಬೀದಿಯ ಶಿಲುಬೆಗೆ ಇವೆರಡೂ ಇಲ್ಲ. ದಾರಿಹೋಕ ಹಿಂದೂ ಮಹಿಳೆಯೂ ಅಲ್ಲಿ ಹೂವಿಟ್ಟು ನಡೆಯಬಲ್ಲಳು. ನಾಲ್ಕನೆಯ ಮಹಡಿಗೆ ಹೊಸದಾಗಿ ಬಂದವರಿಗೆ ಕೆಳಗಿನ ಹಾಡು ಏನೆಂದು ತಿಳಿಯದಿದ್ದರೆ, ಕಡಲೆಯ ತಟ್ಟೆ ಹಿಡಿದು ಮೆಟ್ಟಿಲೇರಬೇಕಾದವರು ಹಳಬರೇ ಅಲ್ಲವೇ?

ಕಳೆದ ಕ್ರಿಸ್ಮಸ್ಸಿಗೆ ನಾನು ಪಕ್ಕದ ಬಹುಮಹಡಿ ಕಟ್ಟಡದ ಒಂದು ಮನೆಗೆ ಕುಸ್ವಾರ್ ಕೊಂಡೊಯ್ದೆ. ಕಾವಲುಗಾರ ಪುಸ್ತಕದಲ್ಲಿ ಹೆಸರು ಬರೆಸಿಕೊಂಡ. ಬಾಗಿಲು ತೆರೆದ ಮಹಾತಾಯಿ, “ಎಷ್ಟು ಕೊಡಬೇಕು?” ಎಂದರು. ಮಾರಲು ಬಂದವನೆಂದು ತಿಳಿದಿದ್ದರು, ಪಾಪ! ಎರಡು ವರ್ಷಗಳಿಂದ ಅಲ್ಲಿದ್ದರೂ ನೆರೆಯವರೆಂದು ಯಾರೂ ಅವರ ಬಾಗಿಲು ತಟ್ಟಿರಲಿಲ್ಲವಂತೆ. ನಾಚಿಕೆ ನನಗಾಯಿತು.

ಇನ್ನೊಂದು ವಿಷಯ. ಬಾಡಿಗೆ ತೆರಲಾರದೆ ನಮ್ಮ ವಾರ್ಡನ್ನು ಬಿಟ್ಟುಹೋದ ನಾಲ್ಕು ಕುಟುಂಬಗಳಿವೆ. ಸೆಪ್ಟೆಂಬರ್ 8ರ ತೆನೆಹಬ್ಬದಂದು ಆಶೀರ್ವದಿಸಿದ ತೆನೆಯನ್ನು ಅವರ ಮನೆಗಳಿಗೂ ಆ ಮಹಾತಾಯಿಯ ಮನೆಗೂ ಮುಟ್ಟಿಸಬೇಕೆಂದು ಗುರಿಕಾರರಲ್ಲಿ ಕೇಳಿಕೊಂಡಿದ್ದೇನೆ. ವಿಳಾಸಗಳು ನನ್ನಲ್ಲಿವೆ. ಜೊತೆಗೆ ಬರುವವರು ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಿರಿ.