ವಿದ್ಯುತ್ತನ್ನು ಕಾಯುವ ವಿದ್ಯುತ್ತು



ಚಳ್ಳಕೆರೆ ಸೀಮೆಯ ಗೌರಸಮುದ್ರವೆಂದೊಡನೆ ನಮ್ಮ ನೆನಪಿಗೆ ಬರುವುದು ಮಾರಮ್ಮನ ಜಾತ್ರೆ. ಬಯಲಿನಲ್ಲಿ ಸಾವಿರಾರು ಮಂದಿ ನೆರೆದಿರುವಾಗ ವಿದ್ಯುತ್ತಿನ ತಂತಿಯೊಂದು ಕಡಿದು ಬಿದ್ದಿತೆಂದು ಭಾವಿಸೋಣ. ದೂರದ ಉಪಕೇಂದ್ರದಲ್ಲಿರುವ ರಿಲೇ ಎಂಬ ಕಾವಲುಗಾರನು ದೋಷವನ್ನು ಕಂಡುಹಿಡಿಯಬೇಕು. ಕಂಡರಷ್ಟೇ ಸಾಲದು, ಬ್ರೇಕರ್ ಎಂಬ ಕೊಂಡಿಯು ಕಳಚಿಕೊಳ್ಳಬೇಕು. ಅದನ್ನು ಕಳಚುವ ಬಲ ಬರುವುದು ಪಕ್ಕದ ಕೊಠಡಿಯ ಬ್ಯಾಟರಿಗಳಿಂದ. ಇದೇ ಏಕಮುಖ ವಿದ್ಯುತ್ತು. ಇಂಜಿನಿಯರುಗಳ ಮಾತಿನಲ್ಲಿ ಡಿ.ಸಿ.

1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ನಾಡು ನಮ್ಮದು. ಇಂದು ಶರಾವತಿ, ರಾಯಚೂರು, ಕೈಗಾಗಳ ಮಹಾಯಂತ್ರಗಳೂ ಈ ಬ್ಯಾಟರಿಗಳನ್ನೇ ನೆಚ್ಚಿಕೊಂಡಿವೆ. ಒಂದೊಂದು ಕೋಶದ ಒತ್ತಡ ಸುಮಾರು 2 ವೋಲ್ಟು; 220 ವೋಲ್ಟಿಗೆ ನೂರಕ್ಕೂ ಮಿಕ್ಕಿದ ಕೋಶಗಳ ಸಾಲು ಬೇಕು. ಹೊರಗಿನ ವಿದ್ಯುತ್ತು ನಿಂತಾಗ ಟರ್ಬೈನಿನ ಬೇರಿಂಗುಗಳಿಗೆ ಎಣ್ಣೆಯುಣಿಸುವ ಕಡೆಯ ಪಂಪೂ ಇದರಿಂದಲೇ ನಡೆಯುತ್ತದೆ.

ಈ ಬಲ ತಪ್ಪಿದರೆ ಒಡನೆಯೇ ಕೋಲಾಹಲವೇಳುವುದಿಲ್ಲ, ಅಪಾಯವಿರುವುದು ಅಲ್ಲಿಯೇ. ಯಂತ್ರ ತಿರುಗುತ್ತಲೇ ಇರುತ್ತದೆ, ಊರಿನ ದೀಪ ಉರಿಯುತ್ತಲೇ ಇರುತ್ತದೆ. ಆದರೆ ನಿಲ್ಲಿಸಬೇಕಾದಾಗ ನಿಲ್ಲಿಸುವ ಕೈ ಇರುವುದಿಲ್ಲ. ಎಚ್ಚರಿಕೆಯ ಗಂಟೆಯೂ ಅದೇ ಬ್ಯಾಟರಿಯಿಂದ ನಡೆಯುವಂತಿದ್ದರೆ, ಅದು ಸಹ ಮೂಕವಾಗುತ್ತದೆ.

1993ರ ಮಾರ್ಚ್ 31ರಂದು ಉತ್ತರಪ್ರದೇಶದ ನರೋರಾ ಅಣುವಿದ್ಯುತ್ ಸ್ಥಾವರದಲ್ಲಿ ಬೆಂಕಿಯೆದ್ದು ಕೇಬಲುಗಳು ಸುಟ್ಟುಹೋದವು. ಕತ್ತಲೆಯಲ್ಲಿ ಸಿಬ್ಬಂದಿಯವರು ಟಾರ್ಚು ಹಿಡಿದು ಕಟ್ಟಡವನ್ನೇರಿ, ಬೋರಾನಿನ ದ್ರವವನ್ನು ರಿಯಾಕ್ಟರಿಗೆ ಬಿಡುವ ಕವಾಟಗಳನ್ನು ಕೈಯಿಂದಲೇ ತೆರೆದರು. 2011ರ ಮಾರ್ಚ್ 11ರಂದು ಜಪಾನಿನ ಫುಕುಷಿಮಾದಲ್ಲಿ ಸಮುದ್ರದ ನೀರು ನುಗ್ಗಿದಾಗ, ಅಲ್ಲಿಯವರು ಮೋಟಾರು ಕಾರುಗಳ ಬ್ಯಾಟರಿಗಳನ್ನು ತಂದು ಮಾಪಕಗಳಿಗೆ ಜೋಡಿಸಬೇಕಾಯಿತು. ಅವರ ಧೈರ್ಯ ಸ್ತುತ್ಯರ್ಹ. ಆದರೆ ಧೈರ್ಯವನ್ನೇ ನಂಬಿ ಸ್ಥಾವರವನ್ನು ನಡೆಸಲಾಗದು.

ಹಾಗಾದರೆ ಮುಂಜಾಗ್ರತೆಯೇನು? ಮೊದಲನೆಯದು, ಎರಡು ಬ್ಯಾಟರಿ ಸಾಲುಗಳಿರಬೇಕು; ಕೊಠಡಿಗಳೂ ಕೇಬಲುಗಳ ದಾರಿಯೂ ಬೇರೆಬೇರೆಯಾಗಿರಬೇಕು. ಒಂದೇ ಬೆಂಕಿ ಎರಡನ್ನೂ ನುಂಗಬಾರದು. ಎರಡನೆಯದು, ಡಿ.ಸಿ. ಹೋದಾಗ ಯಾವ ಕವಾಟ ತೆರೆಯುವುದು, ಯಾವುದು ಮುಚ್ಚುವುದು, ಯಾವುದು ಇದ್ದಂತೆಯೇ ಇರುವುದು ಎಂಬುದನ್ನು ಮುಂದಾಗಿಯೇ ಬರೆದಿಡಬೇಕು. ಮೂರನೆಯದು, ಯಾವ ಹೊರೆಯನ್ನು ಮೊದಲು ಕಳಚಿ ಬ್ಯಾಟರಿಯ ಆಯುಸ್ಸನ್ನು ಉಳಿಸಬೇಕೆಂಬ ಕ್ರಮ ಗೊತ್ತಿರಬೇಕು. ನಾಲ್ಕನೆಯದು, ಯಾರು ಯಾವ ಹಿಡಿಯನ್ನು ತಿರುಗಿಸಬೇಕೆಂಬುದನ್ನು ಕತ್ತಲೆಯಲ್ಲಿಯೂ ಅಭ್ಯಾಸಮಾಡಿರಬೇಕು. ಹೋದ ವಿದ್ಯುತ್ತು ಮರಳಿದಾಗಲೂ ಎಲ್ಲವನ್ನೂ ಒಮ್ಮೆಲೇ ಜೋಡಿಸಬಾರದು. ಯಾವ ಬ್ರೇಕರು ತಾನಾಗಿ ಚಲಿಸೀತೋ ಬಲ್ಲವರಿಲ್ಲ.

ಕಡೆಯದಾಗಿ, ಮಾಪಕದ ಮುಳ್ಳನ್ನು ನೋಡಿ ತೃಪ್ತರಾಗಬಾರದು. ಹೊರೆಯಿಲ್ಲದಾಗ ಮುದಿ ಬ್ಯಾಟರಿಯೂ ಸರಿಯಾದ ವೋಲ್ಟನ್ನೇ ತೋರಿಸೀತು. ಹೊರೆ ಹೊರಿಸಿ, ಎಷ್ಟು ಹೊತ್ತು ನಿಲ್ಲುವುದೆಂದು ಪರೀಕ್ಷಿಸಿದಲ್ಲದೆ ಅದರ ಸತ್ತ್ವ ತಿಳಿಯದು.

ಜಾತ್ರೆಯ ಜನರು ಆ ಕೊಠಡಿಯನ್ನು ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಅದನ್ನು ಪ್ರತಿದಿನವೂ ಕಾಣುವವರು ಮಾತ್ರ ಆ ಜನರನ್ನು ಮರೆಯಬಾರದು.