ಅಮ್ಮನ ಸಂಕಟಕ್ಕೆ ದುಭಾಷಿ ಯಾರು?

(ಬೇ ಏರಿಯಾದ ಕನ್ನಡ ಓದುಗರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



2023ರ ಮೇ ತಿಂಗಳಲ್ಲಿ ಅಮೆರಿಕದ ಅಂದಿನ ಸರ್ಜನ್ ಜನರಲ್ ವಿವೇಕ್ ಮೂರ್ತಿ ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯೆಂದು ಸಾರುವ ವರದಿಯೊಂದನ್ನು ಹೊರತಂದರು. ನಂಟು ಕಡಿದ ಬದುಕು ಹೃದ್ರೋಗದ ಅಪಾಯವನ್ನು ಶೇ. 29ರಷ್ಟು, ಪಾರ್ಶ್ವವಾಯುವಿನ ಅಪಾಯವನ್ನು ಶೇ. 32ರಷ್ಟು ಹೆಚ್ಚಿಸುತ್ತದೆ ಎಂದಿತು ಆ ವರದಿ. ಮೂರ್ತಿಯವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದೆಂದು ನಾವೆಲ್ಲ ಹೆಮ್ಮೆಪಟ್ಟಿದ್ದೇವೆ. ಅವರ ವರದಿಯನ್ನು ಎಷ್ಟು ಮಂದಿ ಓದಿದ್ದೇವೋ ತಿಳಿಯದು.

'ನಮ್ಮಲ್ಲಿ ಒಂಟಿತನವೆಲ್ಲಿ? ಅಪ್ಪ ಅಮ್ಮ ನಮ್ಮ ಜೊತೆಗೇ ಇದ್ದಾರಲ್ಲ' ಎನ್ನುವುದು ನಮ್ಮ ಸಿದ್ಧ ಉತ್ತರ. ಇಲ್ಲೇ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾರ್ಲಾ ಪೆರಿಸಿನೊಟ್ಟೊ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಒಪ್ಪುವುದಿಲ್ಲ. ಅರವತ್ತು ದಾಟಿದ 1,604 ಜನರಲ್ಲಿ ಶೇ. 43ರಷ್ಟು ಮಂದಿ ತಮ್ಮನ್ನು ಒಂಟಿತನ ಕಾಡುತ್ತಿದೆಯೆಂದರು. ಅವರಲ್ಲಿ ಹೆಚ್ಚಿನವರು ಮನೆಯಲ್ಲಿ ಒಬ್ಬರೇ ಇದ್ದವರಲ್ಲ. ಮುಂದಿನ ಆರು ವರ್ಷಗಳಲ್ಲಿ ಸ್ನಾನ, ಉಡುಪಿನಂಥ ನಿತ್ಯದ ಕೆಲಸಗಳಿಗೂ ಶಕ್ತಿ ಕುಂದಿದ್ದು, ಸಾವು ಬಂದದ್ದು ಇಂಥವರಲ್ಲೇ ಹೆಚ್ಚು.

ಹಸಿರು ಕಾರ್ಡು ಸಿಕ್ಕ ತಂದೆತಾಯಿಯರು ಮೆಡಿಕೇರ್ ಕೊಳ್ಳಲು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಕಾರು ಓಡಿಸಲು ಬಾರದವರಿಗೆ ಫ್ರೀಮಾಂಟ್ ಆದರೇನು, ಸನಿವೇಲ್ ಆದರೇನು. ಇವೆಲ್ಲ ನಿಮಗೆ ಗೊತ್ತಿರುವ ಮಾತು. ನನ್ನನ್ನು ಹೆಚ್ಚು ಕಾಡುವ ಜಾಗ ವೈದ್ಯರ ಕೋಣೆ.

ಅಮ್ಮ 'ಸಂಕಟ' ಎನ್ನುತ್ತಾರೆ. ಕನ್ನಡದಲ್ಲಿ ಅದು ಹೊಟ್ಟೆಯದೂ ಹೌದು, ಮನಸ್ಸಿನದೂ ಹೌದು. ಪಕ್ಕದಲ್ಲಿ ಕುಳಿತ ಮಗ 'ಅಸಿಡಿಟಿ' ಎನ್ನುತ್ತಾನೆ. 'ಬೇಜಾರು' ಎಂಬುದು ಅವನ ಬಾಯಲ್ಲಿ 'ಬೋರ್' ಆಗುತ್ತದೆ. ಸ್ಟ್ಯಾನ್‌ಫರ್ಡಿನ ಜೆರೋಮ್ ಯೆಸವಾಜ್ ಮತ್ತಿತರರು 1980ರ ದಶಕದ ಆರಂಭದಲ್ಲಿ ರೂಪಿಸಿದ ವೃದ್ಧರ ಖಿನ್ನತೆಯ ಪ್ರಶ್ನಾವಳಿ ಶುರುವಾಗುವುದೇ ಬದುಕು ತೃಪ್ತಿ ತಂದಿದೆಯೇ ಎಂದು ಕೇಳುವುದರಿಂದ. ಆ ಪ್ರಶ್ನೆಯನ್ನು ಮಗನೇ ಅನುವಾದಿಸಿ ಕೇಳಿದರೆ, ಅವನ ಮನೆಯ ಅನ್ನ ಉಣ್ಣುತ್ತಿರುವ ಯಾವ ತಾಯಿ 'ಇಲ್ಲ' ಎಂದಾಳು?

ಇನ್ನು ಹಳೆಯ ಗಾಯಗಳು. ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಸ್ಯಾನ್ ಡಿಯೇಗೊದಲ್ಲಿ ನಡೆಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನ, ಬಾಲ್ಯದ ಹಿಂಸೆಗೂ ದೊಡ್ಡವರಾದ ಮೇಲಿನ ಹೃದ್ರೋಗ, ಶ್ವಾಸಕೋಶದ ಕಾಯಿಲೆಗಳಿಗೂ ನಂಟಿರುವುದನ್ನು ತೋರಿಸಿತು. ನಮ್ಮ ಹಿರಿಯರಲ್ಲಿ ಏಟು ತಿಂದವರಿದ್ದಾರೆ, ಜಾತಿಯ ಅವಮಾನ ಉಂಡವರಿದ್ದಾರೆ, ಕೂಸನ್ನು ಮಣ್ಣುಮಾಡಿ ಮರುದಿನವೇ ಒಲೆ ಹೊತ್ತಿಸಿದವರಿದ್ದಾರೆ. ಹೊಡೆದವನು ತನ್ನ ತಂದೆಯೇ ಆಗಿದ್ದರೆ, ಮಗ ಅದನ್ನು ಹೇಗೆ ಅನುವಾದಿಸಿಯಾನು?

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ಒಬಾಮಾ ಕಾಲದ ಆರೋಗ್ಯ ಕಾಯ್ದೆಯ 1557ನೇ ಸೆಕ್ಷನ್ ಮತ್ತು ಅದರ ನಿಯಮಗಳ ಪ್ರಕಾರ, ಫೆಡರಲ್ ಹಣ ಪಡೆಯುವ ಆಸ್ಪತ್ರೆ ದುಭಾಷಿಯನ್ನು ನೀವೇ ಕರೆತನ್ನಿ ಎನ್ನುವಂತಿಲ್ಲ. ಅದು ಕೊಡುವ ದುಭಾಷಿಗೆ ರೋಗಿ ಹಣ ತೆರಬೇಕಾಗಿಲ್ಲ. 'ಬೇಡ, ನಾನಿದ್ದೇನಲ್ಲ' ಎನ್ನುವವರು ನಾವು. ಫೋನಿನ ಆಚೆಯ ಕನ್ನಡ ದನಿ ನಮ್ಮ ಪರಿಚಯದವರದೇ ಆಗಿಬಿಟ್ಟರೆ ಎಂಬ ಅಳುಕು ಹಿರಿಯರಿಗೆ ಇರಬಹುದು, ಅದು ಸಹಜ. ದುಭಾಷಿ ಗುಟ್ಟು ಕಾಯಲು ಬದ್ಧರೆಂದು ಮೊದಲೇ ಬಿಡಿಸಿ ಹೇಳಬೇಕು.

ಮುಂದಿನ ಸಲ ಆಸ್ಪತ್ರೆಯ ಅರ್ಜಿಯಲ್ಲಿ ಭಾಷೆಯ ಅಂಕಣ ಬಂದಾಗ 'ಇಂಗ್ಲಿಷ್' ಎಂದು ಗುರುತು ಹಾಕುವ ಮುನ್ನ ಅಮ್ಮನನ್ನು ಕೇಳಿ. ಕನ್ನಡ ಎಂದು ಬರೆಯಿರಿ. ಅವರು ಬಯಸಿದರೆ, ಹೊರಗಿನ ಕುರ್ಚಿಯಲ್ಲಿ ಕಾಯಿರಿ.