ಓಟು ಯಾರ ಅಮಾನತ್ತು?

(ಸವಣೂರಿನಲ್ಲಿ 2024ರ ನವೆಂಬರ್ 8ರಂದು ನೀಡಿದ ಜುಮಾ ಬಯಾನಿನ ಸಾರಾಂಶ)

 

ಬರುವ ಬುಧವಾರ, 13ನೇ ತಾರೀಖು ಶಿಗ್ಗಾವಿ ಕ್ಷೇತ್ರದ ಉಪಚುನಾವಣೆ. 2008ರಿಂದ ಸತತ ನಾಲ್ಕು ಸಲ ಇಲ್ಲಿಂದ ಗೆದ್ದ ಬಸವರಾಜ ಬೊಮ್ಮಾಯಿಯವರು ಈ ವರ್ಷ ಲೋಕಸಭೆಗೆ ಹೋದದ್ದರಿಂದ ಸ್ಥಾನ ತೆರವಾಗಿದೆ. ಶಿಗ್ಗಾವಿ, ಬಂಕಾಪುರದವರಂತೆ ನಾವು ಸವಣೂರಿನವರೂ ಇದೇ ಕ್ಷೇತ್ರದಲ್ಲಿ ಓಟು ಹಾಕುವವರು. ಹಾನಗಲ್ಲ, ಹಿರೇಕೆರೂರಿನಿಂದ ಬಂದು ಇಂದು ನಮ್ಮ ಸಫ್‌ನಲ್ಲಿ ಕುಳಿತವರಿಗೆ ಈ ಸಲ ಓಟಿಲ್ಲ. ಆದರೆ ಅವರ ಊರುಗಳೂ ಇತ್ತೀಚೆಗೆ ಉಪಚುನಾವಣೆ ಕಂಡಿವೆ, ಅವರಿಂದ ಕಲಿಯುವುದಿದೆ. ಎರಡು ವಾರಗಳಿಂದ ಚಹಾದಂಗಡಿಯಲ್ಲಿ, ಮದುವೆ ಮನೆಯಲ್ಲಿ, ವುಝೂ ಮಾಡುವ ಹೌದಿನ ಕಟ್ಟೆಯ ಮೇಲೆ ಕೂಡ ಒಂದೇ ಪ್ರಶ್ನೆ: ಯಾರನ್ನು ನಂಬೋದು?

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಈ ಮಿಂಬರಿನಿಂದ ಯಾವ ಪಕ್ಷದ, ಯಾವ ಅಭ್ಯರ್ಥಿಯ ಪರವಾಗಿಯೂ ಮಾತು ಬರುವುದಿಲ್ಲ. ಧರ್ಮದ ಹೆಸರಿನಲ್ಲಿ ಓಟು ಕೇಳುವುದು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನಡಿ ಭ್ರಷ್ಟಾಚಾರ. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮದ ಹೆಸರಿನಲ್ಲಿ ಕೇಳಿದರೂ ತಪ್ಪೇ ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಹೇಳಿದೆ. ಮಸೀದಿ, ಮಂದಿರ, ಚರ್ಚುಗಳನ್ನು ಪ್ರಚಾರಕ್ಕೆ ಬಳಸಬಾರದೆಂದು ನೀತಿಸಂಹಿತೆಯಲ್ಲೂ ಇದೆ. ಈ ಕಾನೂನು ಇಲ್ಲದಿದ್ದರೂ ನಾವು ಹೇಳುತ್ತಿರಲಿಲ್ಲ. ಯಾಕೆಂದರೆ ಓಟು ಇಮಾಮರ ಸೊತ್ತಲ್ಲ.

ಮಕ್ಕಾ ವಿಜಯದ ದಿನ ಕಅಬಾದ ಬೀಗದ ಕೈ ಉಸ್ಮಾನ್ ಬಿನ್ ತಲ್ಹಾ ಅವರ ಹತ್ತಿರ ಇತ್ತು. ತಲೆಮಾರುಗಳಿಂದ ಅವರ ಮನೆತನದ ಜವಾಬ್ದಾರಿ ಅದು. ಪ್ರವಾದಿಯವರು (ಸ) ಅದನ್ನು ತರಿಸಿಕೊಂಡರು, ಬಾಗಿಲು ತೆರೆಸಿ ಒಳಗೆ ಹೋಗಿ ಬಂದರು. ಆ ಗೌರವ ತಮ್ಮ ಮನೆಗೆ ಸಿಗಲಿ ಎಂಬ ಆಸೆ ಪ್ರವಾದಿಯವರ ಸ್ವಂತ ಬಂಧುಗಳಿಗೇ ಇತ್ತು, ಕೇಳಿಯೂ ಕೇಳಿದರು. ಊರು ಗೆದ್ದವರು ಯಾರಿಗೆ ಬೇಕಾದರೂ ಕೊಡಬಹುದಿತ್ತು. ಆದರೆ ಪ್ರವಾದಿಯವರು ಉಸ್ಮಾನರನ್ನೇ ಕರೆಸಿ ಬೀಗದ ಕೈ ಅವರ ಕೈಗಿತ್ತರು. ಅಮಾನತ್ತುಗಳನ್ನು ಹಕ್ಕುದಾರರಿಗೆ ತಲುಪಿಸಬೇಕೆಂಬ ಸೂರಃ ಅನ್ನಿಸಾದ 58ನೇ ಆಯತನ್ನು ವಿವರಿಸುವಾಗ ಮುಫಸ್ಸಿರರು ಈ ಘಟನೆಯನ್ನೇ ಹೇಳುತ್ತಾರೆ. ಆ ಬೀಗದ ಕೈ ಇವತ್ತಿಗೂ ಅದೇ ಮನೆತನದಲ್ಲಿದೆ.

ಈಗ ನಮ್ಮ ಮೊಹಲ್ಲಾಗಳಿಗೆ ಬನ್ನಿ. ಚುನಾವಣೆ ಬಂತೆಂದರೆ ಪಕ್ಷದವರು ಜಮಾಅತಿನ ನಾಲ್ಕು ಹಿರಿಯರನ್ನು ಕಾಣುತ್ತಾರೆ. ಶಾಲು ಹೊದಿಸಿಕೊಳ್ಳುತ್ತಾರೆ, ಹೊದಿಸುತ್ತಾರೆ. ಬಿರಿಯಾನಿ ಆಗುತ್ತದೆ. ಏಳುವಾಗ ನಮ್ಮ ಹಿರಿಯರು, ‘ಸಾಹೇಬರ, ಚಿಂತಿ ಮಾಡಬ್ಯಾಡ್ರಿ, ನಮ್ಮ ಮೊಹಲ್ಲಾದ ಓಟು ಎಲ್ಲಾ ನಿಮಗ’ ಎಂದು ಮಾತು ಕೊಟ್ಟು ಕಳಿಸುತ್ತಾರೆ. ಯಾರ ಓಟು? ಎದುರು ಮನೆಯ ವಿಧವೆಯದು, ಹಮಾಲಿ ಮಾಡುವ ಹುಡುಗನದು, ಕಾಲೇಜಿಗೆ ಹೋಗುವ ಹೆಣ್ಣುಮಗಳದು. ಅವರನ್ನು ಯಾರಾದರೂ ಕೇಳಿದರೇ? ಪಕ್ಕದವನ ಹೊಲವನ್ನು ಅವನಿಗೆ ಗೊತ್ತಿಲ್ಲದೆ ಮೂರನೆಯವನಿಗೆ ಮಾರಿದರೆ ಅದಕ್ಕೆ ಏನನ್ನುತ್ತೇವೆ? ಬೀಗದ ಕೈಯನ್ನು ಸ್ವಂತದವರಿಗೂ ಕೊಡದ ಪ್ರವಾದಿಯ ಉಮ್ಮತ್ತು ನಾವು. ನಮ್ಮ ಕಮಿಟಿಗಳು ಸಾವಿರ ಜನರ ಬೀಗದ ಕೈಯನ್ನು ಒಂದು ಊಟಕ್ಕೆ ಒಪ್ಪಿಸುತ್ತವೆ. ಇದನ್ನು ಹೇಳಿದ್ದಕ್ಕೆ ಕೆಲವರಿಗೆ ನಮ್ಮ ಮೇಲೆ ಬೇಸರ ಆಗಬಹುದು. ಆಗಲಿ.

ಓಟು ಒಂದು ಶಹಾದತ್, ಅಂದರೆ ಸಾಕ್ಷಿ ಎಂದು ನಮ್ಮ ಉಲಮಾ ಬರೆದಿದ್ದಾರೆ. ‘ಈ ಮನುಷ್ಯ ಈ ಕೆಲಸಕ್ಕೆ ಯೋಗ್ಯ’ ಎಂದು ನೀವು ಸಾಕ್ಷಿ ಹೇಳುತ್ತೀರಿ. ಅದು ಒಂದು ಸಿಫಾರಸು ಕೂಡ, ವಕೀಲನನ್ನು ನೇಮಿಸುವ ವಕಾಲತ್ ಕೂಡ. ಸಾಕ್ಷಿಯನ್ನು ಒಬ್ಬನ ಪರವಾಗಿ ಇನ್ನೊಬ್ಬ ಗುತ್ತಿಗೆ ಹಿಡಿಯಲು ಬರುವುದಿಲ್ಲ.

ಸಾಕ್ಷಿ ಎಂದ ಮೇಲೆ ಪರೀಕ್ಷೆ ಬೇಕು. ಈ ಸಲ ಒಬ್ಬ ಪ್ರಮುಖ ಅಭ್ಯರ್ಥಿ ನಮ್ಮ ಸಮುದಾಯದವರು, ಇನ್ನೊಬ್ಬರು ಮಾಜಿ ಮುಖ್ಯಮಂತ್ರಿಗಳ ಮಗ. ‘ನಮ್ಮವ’ ಎನ್ನುವುದೊಂದೇ ಸಾಕ್ಷಿಯಾಗುವುದಿಲ್ಲ, ‘ದೊಡ್ಡವರ ಮಗ’ ಎನ್ನುವುದೂ ಆಗುವುದಿಲ್ಲ. ಮದ್ರಸಾದಲ್ಲಿ ಹದೀಸ್ ಓದುವಾಗ ನಮಗೆ ಕಲಿಸುವ ಒಂದು ವಿದ್ಯೆ ಇದೆ. ಹದೀಸ್ ವರದಿ ಮಾಡುವವನಲ್ಲಿ ಮುಹದ್ದಿಸರು ಎರಡು ಗುಣ ಹುಡುಕುತ್ತಿದ್ದರು. ಒಂದು ಅದಾಲತ್, ಅಂದರೆ ಸತ್ಯವಂತಿಕೆ. ಇನ್ನೊಂದು ಝಬ್ತ್, ಅಂದರೆ ಕೇಳಿದ್ದನ್ನು ಕೇಳಿದ ಹಾಗೆಯೇ ಉಳಿಸಿಕೊಳ್ಳುವ ಶಕ್ತಿ. ರಾತ್ರಿಯಿಡೀ ನಮಾಝ್ ಮಾಡುವ ಬುಜುರ್ಗರಾದರೂ ನೆನಪು ಗಟ್ಟಿ ಇಲ್ಲವೆಂದರೆ ಅವರ ವರದಿಯನ್ನು ಬದಿಗಿಟ್ಟರು. ಅದರಿಂದ ಆ ಬುಜುರ್ಗರ ತಖ್ವಾಕ್ಕೆ ಕುಂದು ಬರಲಿಲ್ಲ, ಆ ಕೆಲಸ ಅವರದ್ದಲ್ಲ ಎಂದಷ್ಟೇ ಅರ್ಥ. ಹಝ್ರತ್ ಅಬೂ ಝರ್ (ರ) ಅವರಂಥ ಪ್ರಾಮಾಣಿಕರು ಅಧಿಕಾರ ಕೇಳಿದಾಗಲೂ, ಇದು ಅಮಾನತ್ತು, ನೀವು ಇದಕ್ಕೆ ದುರ್ಬಲರು ಎಂದು ಪ್ರವಾದಿಯವರು ತಿಳಿಸಿ ಹೇಳಿದರು. ಹಾಗಾದರೆ ಮೊದಲ ಸಫ್‌ನಲ್ಲಿ ನಿಲ್ಲುತ್ತಾನೆ, ಉಮ್ರಾ ಮಾಡಿದ್ದಾನೆ ಎಂಬ ಕಾರಣಕ್ಕೆ ಯಾರಿಗೂ ವಿಧಾನಸಭೆಯ ಸೀಟು ಸಲ್ಲುವುದಿಲ್ಲ.

ಮನೆ ಬಾಗಿಲಿಗೆ ಬಂದವರನ್ನು ಧೈರ್ಯವಾಗಿ ಕೇಳಿ. 2023ರ ಮಾರ್ಚಿನಲ್ಲಿ ಮುಸ್ಲಿಮರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದು ಮಾಡಿದ ಸರ್ಕಾರದ ಮುಖ್ಯಮಂತ್ರಿ ಇದೇ ಕ್ಷೇತ್ರದ ಶಾಸಕರಾಗಿದ್ದರು. ಅವರ ಪಕ್ಷದವರನ್ನು ‘ಯಾಕೆ ತೆಗೆದಿರಿ’ ಎಂದು ಕೇಳಿ. ಅದನ್ನು ಮರಳಿ ಕೊಡುತ್ತೇವೆ ಎಂದು ಮಾತು ಕೊಟ್ಟು ಅಧಿಕಾರಕ್ಕೆ ಬಂದವರನ್ನು ‘ಆ ಮಾತು ಎಲ್ಲಿಗೆ ಬಂತು’ ಎಂದು ಅಷ್ಟೇ ಗಟ್ಟಿಯಾಗಿ ಕೇಳಿ. ಒಬ್ಬರನ್ನಷ್ಟೇ ಕೇಳಿ ಇನ್ನೊಬ್ಬರನ್ನು ಬಿಟ್ಟರೆ ಅದು ಸಾಕ್ಷಿಯಲ್ಲ, ಪಕ್ಷಪಾತ. ಸ್ವಂತದವರ ವಿರುದ್ಧವಾದರೂ ನ್ಯಾಯಕ್ಕೆ ನಿಲ್ಲಬೇಕೆಂದು ಅದೇ ಸೂರಃ ಅನ್ನಿಸಾದ 135ನೇ ಆಯತಿನಲ್ಲಿ ಆಜ್ಞೆ ಇದೆ. ಕುಡಿಯುವ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಉರ್ದು ಶಾಲೆಗೆ ಮಾಸ್ತರರು ಎಷ್ಟು ಜನ ಇದ್ದಾರೆ ಎಂಬುದನ್ನೂ ಕೇಳಿ.

ಮಾತು ಕೊಟ್ಟವರು ತಪ್ಪಿದರೆ? ಹಿರೇಕೆರೂರಿನ ಸಹೋದರರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. 2018ರಲ್ಲಿ ಬಿ.ಸಿ. ಪಾಟೀಲರನ್ನು ಅವರು ಕಾಂಗ್ರೆಸ್ ಚಿಹ್ನೆಯ ಮೇಲೆ ಆರಿಸಿದ್ದರು. 2019ರಲ್ಲಿ ಪಾಟೀಲರು ರಾಜೀನಾಮೆ ಕೊಟ್ಟು, ಅನರ್ಹರಾಗಿ, ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತರು. ಜನ ಗೆಲ್ಲಿಸಿದರು, ಅವರು ಮಂತ್ರಿಯೂ ಆದರು. 2023ರಲ್ಲಿ ಅದೇ ಜನ ಸೋಲಿಸಿ ಯು.ಬಿ. ಬಣಕಾರರನ್ನು ತಂದರು. ಬಣಕಾರರು ಕೂಡ 2013ರಲ್ಲಿ ಗೆದ್ದದ್ದು ಬೇರೊಂದು ಪಕ್ಷದಿಂದ. (ಬಹಿರಂಗವಾಗಿ ನಡೆದ ಸಾರ್ವಜನಿಕ ವಿಷಯ ಹೇಳುವುದು ಗೀಬತ್ ಅಲ್ಲ. ಅವರವರ ಮನೆಯೊಳಗಿನ ಮಾತು ಆಡಿದರೆ ಗೀಬತ್.) ಒಂದು ಚಿಹ್ನೆಗೆ ಕೊಟ್ಟ ಓಟನ್ನು ಇನ್ನೊಂದಕ್ಕೆ ಒಯ್ಯುವುದು ನಮ್ಮ ದೃಷ್ಟಿಯಲ್ಲಿ ಅಮಾನತ್ತಿಗೆ ಒಪ್ಪುವ ನಡೆ ಅಲ್ಲ. ಆದರೆ ಕ್ಷಮಿಸುವ ಹಕ್ಕೂ, ವಕೀಲನನ್ನು ಬದಲಿಸುವ ಹಕ್ಕೂ ಓಟಿನ ಒಡೆಯನದು. ಹಿರೇಕೆರೂರಿನ ಜನ ಎರಡನ್ನೂ ಬಳಸಿದರು. ಹಾನಗಲ್ಲಿನಲ್ಲಿ ದಶಕಗಳ ಕಾಲ ಸಿ.ಎಂ. ಉದಾಸಿ, ಮನೋಹರ ತಹಶೀಲ್ದಾರ್ ಇಬ್ಬರನ್ನೂ ಜನ ಸರದಿಯಲ್ಲಿ ಕೂಡಿಸಿದರು, ಇಳಿಸಿದರು. ಉದಾಸಿಯವರ ನಿಧನದ ನಂತರ 2021ರ ಅಕ್ಟೋಬರ್ 30ರಂದು ಉಪಚುನಾವಣೆ ನಡೆದಾಗ ಮುಖ್ಯಮಂತ್ರಿ ಪಕ್ಕದ ತಾಲೂಕಿನವರೇ. ಗೆದ್ದದ್ದು ಮಾತ್ರ ವಿರೋಧ ಪಕ್ಷದ ಶ್ರೀನಿವಾಸ ಮಾನೆ.

ದೂರದ ಬ್ರಿಟನ್ನಿನಲ್ಲೂ ಇದೇ ಜುಲೈ 4ರಂದು ಚುನಾವಣೆ ಆಯಿತು. ಅಲ್ಲಿನ ಮುಸ್ಲಿಮರ ಓಟು ಲೇಬರ್ ಪಕ್ಷಕ್ಕೆ ಖಾಯಂ ಎಂದು ಎಲ್ಲರೂ ಎಣಿಸಿದ್ದರು. ಗಾಝಾ ವಿಷಯದಲ್ಲಿ ಆ ಪಕ್ಷದ ನಾಯಕರ ಮಾತಿನ ಮೇಲೆ ನಂಬಿಕೆ ಹೋದಾಗ ಲೆಸ್ಟರ್ ಸೌತ್, ಬ್ಲ್ಯಾಕ್‌ಬರ್ನ್‌ನಂಥ ಕಡೆಗಳಲ್ಲಿ ಪಕ್ಷೇತರರು ಗೆದ್ದರು. ದೇಶದಾದ್ಯಂತ ಗೆದ್ದು ಸರ್ಕಾರ ಮಾಡಿದ ಪಕ್ಷಕ್ಕೆ ಅಲ್ಲಿ ಸೋಲು. ಖಾಯಂ ಎಂದು ತಿಳಿದ ಓಟನ್ನು ಯಾರೂ ಬಂದು ಕೇಳುವುದಿಲ್ಲ, ಆ ಓಟು ಹಾಕುವವರ ಮಾತನ್ನೂ ಕೇಳುವುದಿಲ್ಲ.

ಇನ್ನು ಹೆದರಿಕೆಯ ಮಾತು. ಕಳೆದ ತಿಂಗಳ ಕೊನೆಯಲ್ಲಿ ನಮ್ಮದೇ ತಾಲೂಕಿನ ಕಡಕೋಳದಲ್ಲಿ, ವಕ್ಫ್ ಹೆಸರಿನಲ್ಲಿ ಊರಿನ ಆಸ್ತಿ ಹೋಗುತ್ತದೆ ಎಂಬ ಸುದ್ದಿ ಹಬ್ಬಿ ಮುಸ್ಲಿಮರ ಮನೆಗಳ ಮೇಲೆ ಕಲ್ಲು ಬಿದ್ದವು. ರೈತರಿಗೆ ಕೊಟ್ಟ ನೋಟಿಸುಗಳನ್ನು ವಾಪಸ್ ಪಡೆಯಲು ಮುಖ್ಯಮಂತ್ರಿ ಸೂಚಿಸಿದ್ದಾರೆ. ಆದರೂ ಎರಡೂ ಕಡೆ ಮೊಬೈಲಿನಲ್ಲಿ ವಿಷ ಓಡಾಡುತ್ತಿದೆ. ಸುದ್ದಿ ಬಂದರೆ ಮೊದಲು ಪರಿಶೀಲಿಸಿ ಎಂದು ಸೂರಃ ಹುಜುರಾತ್ ಹೇಳುತ್ತದೆ. ನಮ್ಮ ಯುವಕರೂ ಅದನ್ನು ಪಾಲಿಸಬೇಕು, ಸಿಕ್ಕ ವಿಡಿಯೋ ಮುಂದೆ ತಳ್ಳಬಾರದು. ಪಕ್ಕದ ಹೊಲದ ರೈತ ಆತಂಕದಿಂದ ಕೇಳಿದರೆ ಕೂಡಿಸಿಕೊಂಡು ಗೊತ್ತಿದ್ದಷ್ಟು ಹೇಳಿ. ಅವನ ಭೂಮಿ ಅವನಿಗೆ ಅನ್ನ. ಹೆದರಿದ ಮತದಾರ ನೀರು, ರಸ್ತೆ, ಶಾಲೆಯ ಲೆಕ್ಕ ಕೇಳುವುದಿಲ್ಲ. ನಾಯಕರಿಗೆ ಅದು ಬಹಳ ಅನುಕೂಲ.

ದುಡ್ಡಿನ ವಿಷಯದಲ್ಲಿ ಉದ್ದ ಮಾತು ಬೇಡ. ಅದು ರಿಶ್ವತ್, ಕೊಟ್ಟವನೂ ತೆಗೆದುಕೊಂಡವನೂ ಲಾನತ್ತಿಗೆ ಗುರಿ. ಆದರೆ ಒಂದು ಮಸಲಾ ಹಲವರು ಗುಟ್ಟಾಗಿ ಕೇಳಿದ್ದಾರೆ: ದುಡ್ಡು ಕೊಟ್ಟು ಆಣೆ ಮಾಡಿಸಿಕೊಂಡಿದ್ದಾರೆ, ಈಗ ಏನು ಮಾಡುವುದು? ತಪ್ಪು ಕೆಲಸಕ್ಕೆ ಮಾಡಿದ ಆಣೆಯನ್ನು ನಡೆಸಬಾರದು. ದುಡ್ಡು ಹಿಂತಿರುಗಿಸಿ, ಓಟನ್ನು ನಿಮ್ಮ ಆತ್ಮಸಾಕ್ಷಿಯಂತೆ ಹಾಕಿ, ಆಮೇಲೆ ಆಣೆಯ ಕಫ್ಫಾರಾ ಕೊಡಿ: ಹತ್ತು ಬಡವರಿಗೆ ಊಟ ಅಥವಾ ಬಟ್ಟೆ, ಅದೂ ಶಕ್ತಿ ಇಲ್ಲದಿದ್ದರೆ ಮೂರು ರೋಝಾ. ಮತಯಂತ್ರದ ಪಕ್ಕದ ಗಾಜಿನಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತದೆ, ಅದು ನಿಮ್ಮ ಕಣ್ಣಿಗೆ ಮಾತ್ರ. ನಮ್ಮ ಹೆಣ್ಣುಮಕ್ಕಳಿಗೂ ಇದನ್ನು ಮನೆಯಲ್ಲಿ ಹೇಳಿ. ಗಂಡ ಹೇಳಿದ ಗುಂಡಿಯನ್ನೇ ಒತ್ತಬೇಕೆಂದು ಶರೀಅತ್ತಿನಲ್ಲಿ ಎಲ್ಲಿಯೂ ಇಲ್ಲ.

ಬುಧವಾರ ಮತದಾನ ಬೆಳಿಗ್ಗೆ 7ರಿಂದ ಸಂಜೆ 6ರ ತನಕ. ಝುಹರ್, ಅಸರ್ ಜಮಾಅತ್ ಎಂದಿನ ಸಮಯಕ್ಕೇ ನಡೆಯುತ್ತವೆ. ಅಭ್ಯರ್ಥಿಗಳು ಕಳಿಸುವ ಗಾಡಿ ಹತ್ತಬೇಡಿ, ಅದೂ ಕಾನೂನಿಗೆ ವಿರುದ್ಧ. ನಡೆಯಲಾಗದ ಹಿರಿಯರನ್ನು ಮತಗಟ್ಟೆಗೆ ಕರೆದುಕೊಂಡು ಹೋಗಲು ಸ್ವಂತ ಆಟೋ ಇರುವ ನಾಲ್ಕು ಯುವಕರು ಒಪ್ಪಿದ್ದಾರೆ. ಮನೆಯಲ್ಲಿ ಅಂಥವರಿದ್ದರೆ ಇವತ್ತು ನಮಾಝ್ ಆದ ಮೇಲೆ ಮುಅಝ್ಝಿನರ ಹತ್ತಿರ ಹೆಸರು ಬರೆಸಿ. ಗಾಡಿಯಲ್ಲಿ ಕೂತವರಿಗೆ ‘ಯಾರಿಗೆ ಹಾಕ್ತೀರಿ’ ಎಂದು ಕೇಳಬಾರದೆಂದು ಆ ಯುವಕರಿಗೂ ಹೇಳಿದ್ದೇವೆ.